ಊಟ ಬಿಟ್ಟ ಮೀಸೆಮೀನು

ಓಪಲ್‌ಳ ಬೆರಳು ಮೊದಲ ಸಲ ಜುಮ್ಮೆಂದದ್ದು ಮಾರ್ಚ್ ಕೊನೆಯ ಒಂದು ಮಂಗಳವಾರ. ನೆಲಮಾಳಿಗೆಗೆ ಇಳಿದು, ಮೆಷಿನ್ನಿಗೆ ಹಾಸಿಗೆಯ ಚಾದರಗಳನ್ನು ತುರುಕಿ, ಪಕ್ಕದಲ್ಲಿದ್ದ ಗಾಜಿನ ತೊಟ್ಟಿಗೆ ಕೈ ಇಳಿಸಿ ಡೀಕನ್‌ಗೆ ಎರೆಹುಳುವಿನ ತುಂಡು ಕೊಡುತ್ತಿದ್ದಳು. ಆಲೂಗಡ್ಡೆ ಹೆರೆಯುವಾಗ ಕೊಯ್ದುಕೊಂಡ ಹೆಬ್ಬೆರಳಿನಿಂದ ಶುರುವಾಗಿ, ಇರುವೆಯ ಸಾಲೊಂದು ಮೊಣಕೈತನಕ ಹತ್ತಿ ಹೋದಂತಾಯಿತು. ಅಷ್ಟೇ ಆಗಿದ್ದರೆ ಅವಳು ಕೈ ಕೊಡವಿ ಮರೆತುಬಿಡುತ್ತಿದ್ದಳೋ ಏನೋ. ಆದರೆ ಅಂಗಾಲೂ ಜುಮುಗುಟ್ಟಿತು. ಎರಡೂ ಅಂಗಾಲು.

ಅಂಗಾಲು ಅಂದರೆ ಓಪಲ್‌ಗೆ ಅವಳ ತಾಯಿ. ತಾಯಿಗೂ ಹೀಗೆಯೇ ಶುರುವಾಗಿತ್ತು. "ಕಾಲ ಕೆಳಗೆ ಯಾರೋ ಸೋಡಾ ಸುರಿದ ಹಾಗಿದೆ ಕಣೇ" ಎಂದು ನಗುತ್ತಾ ಹೇಳುತ್ತಿದ್ದಳು. ಸಕ್ಕರೆ ಕಾಯಿಲೆ ಎಂದು ಗೊತ್ತಾಗುವಷ್ಟರಲ್ಲಿ ಒಂದು ಬೆರಳು ಹೋಗಿತ್ತು, ಮರುವರ್ಷ ಮೂರು ಬೆರಳು, ಆಮೇಲೆ ಪಾದ. ಆಗ ಅವಳ ವಯಸ್ಸು ಅರವತ್ತಾರು. ಬರುವ ಜೂನ್‌ಗೆ ಓಪಲ್‌ಗೂ ಅರವತ್ತಾರು.

ಅವಳು ಗಂಡ ವೆಂಡೆಲ್‌ಗೆ ಏನೂ ಹೇಳಲಿಲ್ಲ. ಆ ಭಾನುವಾರ ಚರ್ಚಿನ ಊಟದಲ್ಲಿ ಮಾತ್ರ ಸಿಹಿಸಿಹಿ ಪೆಕಾನ್ ಪೈ ತಟ್ಟೆಯನ್ನು ಮುಟ್ಟದೆ ಪಕ್ಕಕ್ಕೆ ದಾಟಿಸಿದಳು. ಎದುರಿಗೆ ಕೂತಿದ್ದ ವೆಂಡೆಲ್ ಚಮಚ ಕೆಳಗಿಟ್ಟ.

"ಓಪಲ್ ಹಕ್ಕಬಿ ಪೈ ಬೇಡ ಅಂದ್ಲು! ಯಾರಾದ್ರೂ ಪಾದ್ರಿಗಳನ್ನ ಕರೀರಪ್ಪಾ. ನಲವತ್ತು ವರ್ಷದಲ್ಲಿ ನಾನು ನೋಡಿರೋ ಮೊದಲ್ನೇ ಪವಾಡ ಇದು."

ಮೇಜಿನ ಸುತ್ತ ಎಲ್ಲರೂ ನಕ್ಕರು. ಓಪಲ್ ಕೂಡ ನಕ್ಕಳು. ಮೇಜಿನ ಕೆಳಗೆ ಅವಳು ಒಂದು ಪಾದದ ಮೇಲೆ ಇನ್ನೊಂದನ್ನು ಒತ್ತಿ ಹಿಡಿದಿದ್ದಳು. ಅಲ್ಲೂ ಜುಮುಗುಡುತ್ತಿದೆಯೇ? ಇದೆ ಅನ್ನಿಸಿತು, ಇಲ್ಲ ಅನ್ನಿಸಿತು, ಮತ್ತೆ ಇದೆ ಅನ್ನಿಸಿತು. ಭಯ ಒಮ್ಮೆ ಮೈಯೊಳಗೆ ಹೊಕ್ಕರೆ ಅದಕ್ಕೆ ಬೇರೆ ಕೆಲಸವೇ ಇರುವುದಿಲ್ಲ. ಹಾಸಿಗೆಯಲ್ಲಿ, ಕಾರಿನಲ್ಲಿ, ಅಂಗಡಿಯ ಸಾಲಿನಲ್ಲಿ, ಎಲ್ಲೆಂದರಲ್ಲಿ ಅವಳಿಗೆ ಇರುವೆಗಳು ಹರಿಯತೊಡಗಿದವು.

ಡೀಕನ್ ಅಂದರೆ ಮೀನು. ಹಿಂದಿನ ಸೆಪ್ಟೆಂಬರಿನಲ್ಲಿ ಚರ್ಚಿನವರೆಲ್ಲ ಸೇರಿ ವಾಬಾಶ್ ನದಿಯ ದಡದ ಕಸ ಎತ್ತಿದ ದಿನ, ವೆಂಡೆಲ್ ಕೆಸರಿನಿಂದ ಒಂದು ಸೋಡಾ ಡಬ್ಬಿ ತೆಗೆದು ಚೀಲಕ್ಕೆ ಎಸೆಯಲು ಹೋದ. ಒಳಗೆ ಏನೋ ಕುಲುಕಿತು. ಬಗ್ಗಿಸಿದರೆ ಅಂಗೈ ಮೇಲೆ ಕಿರುಬೆರಳುದ್ದದ ಮೀಸೆಮೀನಿನ ಮರಿ ಬಿತ್ತು. ಚಪ್ಪಟೆ ತಲೆ, ಕೆಸರಿನ ಬಣ್ಣ, ಮುಂದಕ್ಕೆ ಚಾಚಿದ ಕೆಳದವಡೆ, ಬಾಯಿಯ ಎರಡೂ ಕಡೆ ಇಳಿಬಿದ್ದ ಮೀಸೆ. "ಅಯ್ಯೋ, ನಮ್ಮ ಡೀಕನ್ ಹ್ಯಾರಿಸನ್ ಅಲ್ವೇನೋ ಇದು!" ಎಂದು ಯಾರೋ ಕೂಗಿದರು. ಚರ್ಚಿನ ಹಿರಿಯ ಸೇವಕ ಹ್ಯಾರಿಸನ್ ತನ್ನ ಇಳಿಮೀಸೆಯನ್ನು ತಾನೇ ಮುಟ್ಟಿ ನೋಡಿಕೊಂಡು ನಕ್ಕುಬಿಟ್ಟ. ಹೆಸರು ಅಲ್ಲೇ ಆಯಿತು.

ನದಿಯಿಂದ ಹಿಡಿದು ತಂದ ಮರಿಗೆ ಊಟ ಕಲಿಸುವುದು ಸುಲಭವಲ್ಲ. ಅಂಗಡಿಯ ಮೀನಾದರೆ ಉಂಡೆ ಎಸೆದರೆ ತಿನ್ನುತ್ತದೆ. ಈ ಜಾತಿಯ ಮರಿ ಹಾಗಲ್ಲ, ಅಲುಗಾಡದ್ದನ್ನು ಮೂಸಿಯೂ ನೋಡುವುದಿಲ್ಲ. ಮೊದಲ ಮೂರು ವಾರ ವೆಂಡೆಲ್ ಡಾರ್ಲಾಳ ಗಾಳದ ಅಂಗಡಿಯಿಂದ ಜೀವಂತ ಸಣ್ಣ ಮೀನು ತಂದು ಬಿಟ್ಟ. ಆಮೇಲೆ ಪೊರಕೆಯ ಕಡ್ಡಿಯ ತುದಿಗೆ ಎರೆಹುಳುವಿನ ತುಂಡು ಸಿಕ್ಕಿಸಿ, ಅದು ಬದುಕಿದೆಯೆಂದು ಮೀನು ನಂಬುವಂತೆ ಕುಣಿಸಿದ. ಸಂಜೆ ಹೊತ್ತು ದೀಪ ಸಣ್ಣಗೆ ಮಾಡಿ ಗಂಟೆಗಟ್ಟಲೆ ಕುಣಿಸುತ್ತಿದ್ದ. ಕ್ರಿಸ್‌ಮಸ್ ಹೊತ್ತಿಗೆ ಡೀಕನ್ ಸತ್ತ ಹುಳು, ಹೆಪ್ಪುಗಟ್ಟಿದ ಮೀನಿನ ಸೀಳು, ಎಲ್ಲವನ್ನೂ ಬೆರಳ ತುದಿಯಿಂದಲೇ ಕಸಿದುಕೊಳ್ಳುವಷ್ಟು ಪಳಗಿ, ಗೇಣುದ್ದವಾಗಿ, ಹೊಟ್ಟೆ ಚಮಚದ ಬೆನ್ನಿನಂತೆ ಉಬ್ಬಿಸಿಕೊಂಡಿತ್ತು. "ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ನನಗೆ ಒಂದು ದಿನಾನಾದ್ರೂ ಕೈತುತ್ತು ಕೊಟ್ಟಿದ್ದೀಯೇನಯ್ಯಾ?" ಎಂದು ಓಪಲ್ ಅಣಕಿಸುತ್ತಿದ್ದಳು. "ನೀನು ಬಾಯಿ ಇಷ್ಟು ಹೊತ್ತು ಮುಚ್ಕೊಂಡು ಕೂತಿದ್ರೆ ತಾನೆ!" ಎಂದು ಅವನು ತಿರುಗಿಸಿ ಕೊಡುತ್ತಿದ್ದ. ಬೆಳಿಗ್ಗೆ ಬಟ್ಟೆ ಒಗೆಯಲು ಇಳಿದಾಗ ಅವಳದೊಂದು ತುತ್ತು, ಸಂಜೆ ಅವನದು ಉಳಿದದ್ದು.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡಬೇಕು. ಚಳಿಗಾಲದಲ್ಲಿ ನದಿಯ ಮೀಸೆಮೀನು ಊಟ ಕಡಿಮೆ ಮಾಡಿ ಕಲ್ಲಿನಂತೆ ಬಿದ್ದಿರುತ್ತದೆ. ವೆಂಡೆಲ್‌ಗೆ ಅದು ಸರಿಬರಲಿಲ್ಲ. "ಅವನು ಮಲಗಿದ್ರೆ ನಾನು ಏನು ನೋಡ್ಕೊಂಡು ಕೂತ್ಕೊಳ್ಳಿ?" ಎಂದು, ಚರ್ಚಿನ ಹಳೇಸಾಮಾನಿನ ಮಾರಾಟದಲ್ಲಿ ನೀರು ಬೆಚ್ಚಗೆ ಮಾಡುವ ಒಂದು ಲೋಹದ ಕೋಲು ಹಿಡಿದು ತಂದ. ಅದರ ಪ್ಲಗ್ಗಿಗೆ ಮೂರು ಕಾಲು. ಅವರ ಮನೆ ಅವನ ತಾತ ಕಟ್ಟಿಸಿದ್ದು, ಗೋಡೆಯಲ್ಲಿ ಇರುವುದು ಎರಡೇ ತೂತು. ವೆಂಡೆಲ್ ಇಕ್ಕಳ ತೆಗೆದುಕೊಂಡು ಮೂರನೆಯ ಕಾಲನ್ನು ಕಟಕ್ಕೆಂದು ಕತ್ತರಿಸಿ ಚುಚ್ಚಿದ. ಮೂವತ್ತೊಂದು ವರ್ಷ ವಿದ್ಯುತ್ ಕಂಬ ಹತ್ತಿ ನಿವೃತ್ತನಾದ ಲೈನ್‌ಮನ್ ಅವನು. "ಮೂರನೇ ಕಾಲು ಇರೋದು ವಕೀಲರಿಗೋಸ್ಕರ ಕಣೇ" ಅನ್ನುವುದು ಅವನ ಹಳೆಯ ಮಾತು. ಆ ಮನೆಯಲ್ಲಿ ಆ ಮಾತು ಎಷ್ಟು ಸಲ ಆಗಿತ್ತೋ, ಆ ಇಕ್ಕಳಕ್ಕೇ ಗೊತ್ತು.

ಏಪ್ರಿಲ್ ಬಂತು, ಡೀಕನ್ ಊಟ ಬಿಟ್ಟಿತು. ತೊಟ್ಟಿಯ ದೂರದ ಮೂಲೆಯಲ್ಲಿ ತಲೆ ಕೆಳಗೆ ಮಾಡಿ, ಮೀಸೆಗಳನ್ನು ಮೈಗೆ ಅಂಟಿಸಿಕೊಂಡು ನಿಲ್ಲುತ್ತಿತ್ತು. ಹುಳು ಕುಣಿಸಿದರೂ ಇಲ್ಲ, ಜೀವಂತ ಮೀನು ಬಿಟ್ಟರೂ ಇಲ್ಲ. ಒಮ್ಮೊಮ್ಮೆ ಯಾರೋ ಹೊಡೆದಂತೆ ಚಿಮ್ಮಿ ಗಾಜಿಗೆ ಮೂತಿ ಬಡಿದುಕೊಳ್ಳುತ್ತಿತ್ತು. ಹತ್ತು ದಿನದಲ್ಲಿ ಹೊಟ್ಟೆ ಒಳಕ್ಕೆ ಹೋಯಿತು. ತಲೆಯೊಂದೇ ದೊಡ್ಡದಾಗಿ ಉಳಿಯಿತು.

"ನೀನು ಸೋಪಿನ ಕೈ ಹಾಕಿದ್ದೀಯ" ಎಂದ ವೆಂಡೆಲ್.

"ನಾನು ಕೈ ತೊಳೆದೇ ಹಾಕೋದು. ನೀನು ಆ ಪಕ್ಕದ ಮನೆ ಹುಲ್ಲಿಂದ ಹುಳ ಆರಿಸಿ ತಂದಿದ್ದೀಯಲ್ಲ, ಅವರು ಔಷಧಿ ಹೊಡೆಸ್ತಾರೆ, ಅದು ಗೊತ್ತಾ?"

"ಅವರು ಹೊಡೆಸೋದು ಮೇ ತಿಂಗಳಲ್ಲಿ."

"ಮತ್ತೆ ನೀನೇ ಹೇಳು ಏನಾಗಿದೆ ಅಂತ."

ಅವನು ಉಪ್ಪಿನಕಾಯಿ ಜಾಡಿಯಲ್ಲಿ ತೊಟ್ಟಿಯ ನೀರು ತುಂಬಿಕೊಂಡು ಡಾರ್ಲಾಳ ಅಂಗಡಿಗೆ ಹೊರಟ. ಓಪಲ್ ಕೂಡ ಹೋದಳು. ಮೀನು ಸೊರಗುವುದನ್ನು ನೋಡಿದಾಗಲೆಲ್ಲ ಅವಳಿಗೆ ತನ್ನದೇ ದಿನ ಎಣಿಸಿದಂತೆ ಆಗುತ್ತಿತ್ತು. ಒಬ್ಬಳೇ ಮನೆಯಲ್ಲಿರಲು ಆಗುತ್ತಿರಲಿಲ್ಲ.

ಡಾರ್ಲಾ ನೀರಿಗೆ ಕಾಗದದ ಪಟ್ಟಿ ಅದ್ದಿ ನೋಡಿದಳು. ಮೂಸಿದಳು. ಬಾಯಿಗೆ ಒಂದು ಹನಿ ಹಾಕಿಕೊಂಡಿದ್ದನ್ನು ಕಂಡು ಓಪಲ್ ಮುಖ ತಿರುಗಿಸಿದಳು.

"ನಿಮ್ಮ ಕಾಫಿಗಿಂತ ಚೆನ್ನಾಗಿದೆ ನೀರು" ಎಂದಳು ಡಾರ್ಲಾ. "ನೀರಲ್ಲಿ ಏನೂ ಇಲ್ಲ ವೆಂಡೆಲ್. ಅವನು ಯಾವುದಕ್ಕೋ ಹೆದರಿದ್ದಾನೆ. ಈ ಮೀಸೆಯವರಿಗೆ ನಮಗೆ ಗೊತ್ತಾಗದ್ದೆಲ್ಲ ಗೊತ್ತಾಗುತ್ತೆ. ನಮ್ಮಪ್ಪ ಪಂದ್ಯ ಕಟ್ಟೋನು. ಕೆಸರು ನೀರಿನ ತೊಟ್ಟಿಗೆ ಒಂದು ಕಡೆ ಗಾಜಿನ ಕಡ್ಡಿ, ಇನ್ನೊಂದು ಕಡೆ ಕಬ್ಬಿಣದ ಕಡ್ಡಿ ಇಳಿಸೋನು. ಮೀನು ಮುಟ್ಟೋದೇ ಬೇಡ, ಗೇಣು ದೂರದಿಂದ್ಲೇ ಕಬ್ಬಿಣದ ಕಡ್ಡಿಗೆ ಬೆಚ್ಚಿ ಓಡ್ತಿತ್ತು. ಟಾರ್ಚಿನ ಬ್ಯಾಟರಿ ಇಳಿಸಿದ್ರಂತೂ ಹುಚ್ಚು ಹಿಡೀತಿತ್ತು. ಚರ್ಮದಲ್ಲೇ ಕಿವಿ ಅವಕ್ಕೆ."

"ನಿಮ್ಮಪ್ಪ ಅಂದ್ರೆ, ಆ ಮಾತಾಡೋ ಆಮೆ ಹಿಡಿದಿದ್ದೆ ಅಂತಿದ್ನಲ್ಲ, ಅವನೇ ತಾನೆ?" ಎಂದ ವೆಂಡೆಲ್.

"ಆಮೆ ಮಾತಾಡ್ತು ಅಂದಿಲ್ಲ, ಬೈತು ಅಂದಿದ್ದು."

ನಗುತ್ತಾ ಹೊರಗೆ ಬಂದರು. ಗುರುವಾರಕ್ಕೆ ಓಪಲ್ ಗುಟ್ಟಾಗಿ ಆಸ್ಪತ್ರೆಯಲ್ಲಿ ಹೊತ್ತು ಗೊತ್ತುಮಾಡಿಕೊಂಡಿದ್ದಳು. ಗಂಡನಿಗೆ ಹೇಳಿದ್ದು, ತಲೆಗೂದಲು ಕತ್ತರಿಸಿಕೊಂಡು ಬರುತ್ತೇನೆ ಎಂದು.

ಬುಧವಾರ ಮಧ್ಯಾಹ್ನ ನಾಲ್ಕಕ್ಕೆ ಆಕಾಶ ಹಸಿರು ತಿರುಗಿತು. ಸುಂಟರಗಾಳಿಗೆ ಮುನ್ನ ಕಾಣುವ ಆ ಹಸಿರನ್ನು ಆ ಕಡೆಯವರು ಯಾರೂ ಇಷ್ಟಪಡುವುದಿಲ್ಲ. ಗಾಳಿ ಒಮ್ಮೆಲೇ ನಿಂತಿತು. ಅಗ್ನಿಶಾಮಕ ಠಾಣೆಯ ಮೇಲಿನ ಸೈರನ್ ಕೂಗತೊಡಗಿದಾಗ ವೆಂಡೆಲ್ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ.

"ಏಳು! ಏಳೋ ಮಾರಾಯಾ, ಸುಂಟರಗಾಳಿ!"

"ಬೂಟು…"

"ಬೂಟಿಗೆ ಬೆಂಕಿ ಹಾಕು, ಇಳಿ!"

ಕಾಲುಚೀಲದಲ್ಲೇ ಅವನು ಇಳಿದ, ಬರಿಗಾಲಲ್ಲಿ ಅವಳು. ಹಿಂದಿನ ವಾರದ ಮಳೆಗೆ ಮೋರಿ ಕಟ್ಟಿಕೊಂಡು ನೆಲಮಾಳಿಗೆಯ ಸಿಮೆಂಟು ನೆಲದ ಮೇಲೆ ತೆಳ್ಳಗೆ ನೀರು ನಿಂತಿತ್ತು. ಮೆಟ್ಟಿಲ ಕೆಳಗೆ ಒಬ್ಬರಿಗೊಬ್ಬರು ಒತ್ತಿ ಕೂತರು. ದೀಪ ಒಮ್ಮೆ ಹಳದಿಯಾಗಿ ಆರಿಹೋಯಿತು. ಮೇಲೆ ಏನೋ ಮುರಿದು ಮನೆಯ ಮೈಗೆ ಬಡಿಯಿತು. ಓಪಲ್‌ಳ ಕಿವಿ ಅದುಮಿದಂತಾಯಿತು. ಅವಳು ವೆಂಡೆಲ್‌ನ ಅಂಗಿಯ ತೋಳು ಹಿಡಿದು, ತಾನು ದೇವರಲ್ಲಿ ಏನು ಕೇಳಿಕೊಳ್ಳಬೇಕು ಎಂದು ಹುಡುಕಿದಳು. ಮನೆಯ ಬಗ್ಗೆ ಕೇಳಲೋ, ಪಾದದ ಬಗ್ಗೆ ಕೇಳಲೋ? ಎರಡನ್ನೂ ಒಟ್ಟಿಗೆ ಕೇಳಿದರೆ ಹೆಚ್ಚಾಗುತ್ತದೇನೋ ಎಂಬ ಹುಚ್ಚು ಯೋಚನೆಯೂ ಬಂತು.

ಐದು ನಿಮಿಷದಲ್ಲಿ ಸದ್ದು ಹೊಲಗಳ ಕಡೆಗೆ ದಾಟಿ ಹೋಯಿತು. ಮಳೆ ಮಾತ್ರ ಉಳಿಯಿತು. ಮನೆ ನಿಂತಿತ್ತು.

"ಹೋಯ್ತು" ಎಂದ ವೆಂಡೆಲ್, ಟಾರ್ಚ್ ಹಚ್ಚಿ. "ಸೈರನ್ ನಿಲ್ಲೋವರೆಗೂ ಇಲ್ಲೇ ಇರೋಣ. ಕರೆಂಟಿಗೆ ಯೋಚನೆ ಮಾಡ್ಬೇಡ. ನಮ್ಮ ಹುಡುಗ್ರು ಹದಿನೈದೇ ನಿಮಿಷದಲ್ಲಿ ಕೊಡ್ತಾರೆ ನೋಡ್ತಿರು. ನಾನು ತಯಾರು ಮಾಡಿದ ಹುಡುಗ್ರು."

ಟಾರ್ಚಿನ ಬೆಳಕು ಗೋಡೆ ಸವರಿ ತೊಟ್ಟಿಯ ಮೇಲೆ ಬಿತ್ತು. ಅಲ್ಲೇ ನಿಂತಿತು.

"ಓಪಿ. ನೋಡೇ ಇಲ್ಲಿ."

ಡೀಕನ್ ಮೂಲೆ ಬಿಟ್ಟು ಹೊರಗೆ ಬಂದಿತ್ತು. ತೊಟ್ಟಿಯ ನಡುಮಧ್ಯೆ, ನೆಲಕ್ಕೆ ಹೊಟ್ಟೆ ಊರಿ, ಮೀಸೆಗಳನ್ನು ಮುಂದಕ್ಕೆ ಹರಡಿ, ಆಚೆ ಈಚೆ ನಿಧಾನವಾಗಿ ನೀರನ್ನು ತಡವುತ್ತಿತ್ತು. ಎರಡು ವಾರದಿಂದ ಕಾಣದ ನಿಲುವು.

ವೆಂಡೆಲ್ ಹುಳದ ಡಬ್ಬಿ ತಡಕಿ ಒಂದು ತುಂಡು ಇಳಿಸಿದ. ಗುಳುಂ! ಇನ್ನೊಂದು. ಅದೂ ಹೋಯಿತು. ಅರವತ್ತೆಂಟರ ಗಂಡಸು ಮಗುವಿನಂತೆ ನಕ್ಕ. "ತಿಂತಿದ್ದಾನೆ ಕಣೇ! ಹೊರಗೆ ಊರು ಹಾರಿಹೋಗ್ತಿದೆ, ಇವನಿಗೆ ಈಗ ಹಸಿವು. ಥೂ ನಿನ್ನ. ಬಾ, ನೀನೂ ಒಂದು ಕೊಡು."

ಓಪಲ್ ಮನಸ್ಸಿಲ್ಲದ ಮನಸ್ಸಿನಿಂದ ನೀರಿಗೆ ಕೈ ಇಳಿಸಿದಳು. ಇರುವೆಗಳಿಗೆ ಕಾದಳು. ಬರಲಿಲ್ಲ. ಹುಳು ಹೋಯಿತು, ಕೈ ಅಲ್ಲೇ ಇಟ್ಟಳು. ಹೆಬ್ಬೆರಳಿನ ಗಾಯವನ್ನು ನೀರಿನಲ್ಲೇ ಒತ್ತಿ ನೋಡಿದಳು. ಬರಲಿಲ್ಲ. ನಿಂತ ನೀರಿನಲ್ಲಿ ಅಂಗಾಲು ತಣ್ಣಗಿತ್ತು, ಬರೀ ತಣ್ಣಗೆ. ದೇವರೇ, ವಾಸಿಯಾಯಿತೇ? ಹೆದರಿದ ಹೊಡೆತಕ್ಕೆ ಕಾಯಿಲೆಯೂ ಓಡಿಹೋಗುತ್ತದೆಯೇ? ಅವಳು ಕೈ ತೆಗೆದು ಏಪ್ರನ್ನಿಗೆ ಒರೆಸಿಕೊಳ್ಳುತ್ತಾ ಮತ್ತೊಮ್ಮೆ ಮೀನನ್ನು ನೋಡಿದಳು. ಅದು ಆರಾಮವಾಗಿ ಈಜುತ್ತಾ ಆ ಲೋಹದ ಕೋಲಿನ ಪಕ್ಕಕ್ಕೇ ಹೋಗಿ ಮೀಸೆಯಿಂದ ಅದನ್ನು ತಡವುತ್ತಿತ್ತು. ಯಾವಾಗಲೂ ಕೋಲಿನ ತಲೆಯ ಮೇಲೆ ಉರಿಯುತ್ತಿದ್ದ ಕೆಂಪು ದೀಪದ ಚುಕ್ಕೆ ಈಗ ಇರಲಿಲ್ಲ.

ಕರೆಂಟಿಲ್ಲ. ಮೀನಿಗೆ ಹೆದರಿಕೆಯಿಲ್ಲ. ಬೆರಳಿಗೆ ಜುಮ್ಮಿಲ್ಲ. ಡಾರ್ಲಾ ಹೇಳಿದ್ದು ನೆನಪಾಯಿತು.

ಟಾರ್ಚಿನ ಬ್ಯಾಟರಿ ಇಳಿಸಿದ್ರಂತೂ ಹುಚ್ಚು ಹಿಡೀತಿತ್ತು.

ಓಪಲ್ ಥಟ್ಟನೆ ತಿರುಗಿದಳು. ವೆಂಡೆಲ್ ತೋಳು ಮಡಚಿ ಮೊಣಕೈತನಕ ನೀರಿಗಿಳಿಸಿದ್ದ. ನದಿಯ ಸಂದಿಗಳಲ್ಲಿ ಕೈ ತೂರಿಸಿ ದೊಡ್ಡ ಮೀನು ಹಿಡಿಯುತ್ತಿದ್ದ ಕಾಲದವನಂತೆ ಬೆರಳು ಅಲುಗಿಸಿ ಡೀಕನ್‌ನನ್ನು ಕರೆಯುತ್ತಿದ್ದ. ಬೀಳದಿರಲೆಂದು ಇನ್ನೊಂದು ಕೈಯಲ್ಲಿ ಮನೆಯ ತೊಲೆ ಹೊತ್ತ ಕಬ್ಬಿಣದ ಕಂಬವನ್ನು ಬಲವಾಗಿ ಹಿಡಿದಿದ್ದ. ದಿನಾ ಸಂಜೆ ಅವನು ರಬ್ಬರ್ ಬೂಟಿಲ್ಲದೆ ಇಲ್ಲಿಗೆ ಇಳಿದವನೇ ಅಲ್ಲ. ಇವತ್ತು ಕಾಲುಚೀಲ ತೊಪ್ಪೆಯಾಗಿತ್ತು.

"ವೆಂಡೆಲ್. ಕೈ ತೆಗಿ."

"ಶ್‌ಶ್. ಬರ್ತಿದ್ದಾನೆ."

"ಕೈ ತೆಗಿ ಅಂದೆ!"

"ಕೂಗ್ಬೇಡ್ವೇ, ಈಗ ತಾನೆ ಧೈರ್ಯ ಬಂದಿದೆ ಅವನಿಗೆ. ಎರಡು ವಾರ ಕಾದಿದ್ದೀನಿ, ಎರಡು ನಿಮಿಷ ತಡಿ."

ಹದಿನೈದು ನಿಮಿಷ ಎಂದಿದ್ದ. ಎಷ್ಟು ಆಗಿರಬಹುದು? ಓಪಲ್‌ಗೆ ಅವನನ್ನು ಎಳೆಯಲು ಕೈ ಚಾಚುವುದಕ್ಕೂ ಹೆದರಿಕೆಯಾಯಿತು. ಎಳೆಯುವ ಕ್ಷಣದಲ್ಲೇ ಬಂದುಬಿಟ್ಟರೆ? ಆ ಹುಡುಗರು ಕೈ ಚುರುಕಿನವರು, ಇವನೇ ತಯಾರು ಮಾಡಿದವರು. ಎಲ್ಲವನ್ನೂ ಹೇಳದೆ ಬೇರೆ ದಾರಿ ಇರಲಿಲ್ಲ.

"ನನ್ನ ಬೆರಳು ಜುಮುಗುಡುತ್ತೆ" ಎಂದಳು. ದನಿ ಅವಳದೇ ಅಲ್ಲದಂತಿತ್ತು. "ಮೂರು ವಾರದಿಂದ. ನಿನಗೆ ಹೇಳಿಲ್ಲ. ಅಮ್ಮನ ಕಾಯಿಲೆ ಅಂದ್ಕೊಂಡಿದ್ದೆ. ಆ ನೀರಿಗೆ ಕೈ ಹಾಕಿದಾಗ, ಬರಿಗಾಲಲ್ಲಿ ನಿಂತಾಗ, ಕೈಯಿಂದ ಕಾಲಿಗೆ ಇಳಿಯುತ್ತೆ. ಈಗ ಇಲ್ಲ ವೆಂಡೆಲ್. ಈಗ ಕರೆಂಟಿಲ್ಲ, ಈಗ ಇಲ್ಲ!"

ಟಾರ್ಚಿನ ಅಡ್ಡ ಬೆಳಕಿನಲ್ಲಿ ಅವನ ಮುಖದ ನಗು ಒಂದೊಂದೇ ಗೆರೆಯಾಗಿ ಹೋಯಿತು. ಲೈನ್‌ಮನ್‌ಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಮೊದಲು ಕಂಬ ಬಿಟ್ಟ. ಆಮೇಲೆ ಕೈಯನ್ನು ನೀರಿನಿಂದ ಕಿತ್ತ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟ, ಇನ್ನೊಂದು.

ಮೂಲೆಯ ಫ್ರೀಜರ್ ಗುರ್ರೆಂದಿತು. ದೀಪ ಹತ್ತಿತು.

ನೀರಿನಲ್ಲಿ ಕೆಂಪು ಚುಕ್ಕೆ ಕಣ್ಣು ತೆರೆಯಿತು. ಡೀಕನ್ ಒದೆ ತಿಂದಂತೆ ಚಿಮ್ಮಿ ಮೂಲೆಗೆ ಹೋಗಿ ಗಾಜಿಗೆ ಬಡಿದು, ತಲೆ ಕೆಳಗಾಗಿ ನಿಂತಿತು. ವೆಂಡೆಲ್‌ನ ಬೆರಳ ತುದಿಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಇಬ್ಬರೂ ಆ ಹನಿಗಳನ್ನೇ ನೋಡುತ್ತಾ ನಿಂತರು.

ಆಮೇಲೆ ಅವನು ಮೇಲೆ ಹೋಗಿ ಬೂಟು ಹಾಕಿಕೊಂಡು, ಕರೆಂಟು ಅಳೆಯುವ ಹಳೆಯ ಮೀಟರ್ ಹಿಡಿದು ಬಂದ. ಒಂದು ತಂತಿಯನ್ನು ತೊಟ್ಟಿಯ ನೀರಿಗೆ ಬಿಟ್ಟ, ಇನ್ನೊಂದನ್ನು ಕಂಬಕ್ಕೆ ಮುಟ್ಟಿಸಿದ. ಮುಳ್ಳು ಏರಿತು.

"ಎಷ್ಟು?" ಎಂದಳು ಓಪಲ್.

ಅವಳೇ ಬಗ್ಗಿ ನೋಡಿದಳು. ತೊಂಬತ್ತು ವೋಲ್ಟನ್ನು ದಾಟಿತ್ತು. ಆ ಸಂಖ್ಯೆಯ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು. ಪ್ಲಗ್ ಕಿತ್ತು, ಆ ಲೋಹದ ಕೋಲನ್ನು ಹೊರಗೆಳೆದು ಮೆಟ್ಟಿಲ ಮೇಲೆ ಕೂತುಬಿಟ್ಟ.

"ಒಳಗೆ ಬಿರುಕು ಬಿಟ್ಟಿದೆ. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಸೋರ್ತಿತ್ತು" ಎಂದ. "ಮೂರನೇ ಕಾಲು ಇದ್ದು, ಅದು ಭೂಮಿಗೆ ಸೇರಿದ್ದಿದ್ರೆ ಮೊದಲ್ನೇ ದಿನಾನೇ ಫ್ಯೂಸ್ ಹೋಗಿರೋದು." ಕತ್ತರಿಸಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದ. "ಕರೆಂಟು ಹೊಡೆದು ಸತ್ತ ಇಬ್ಬರನ್ನ ಕಂಬದಿಂದ ಇಳಿಸಿದ್ದೀನಿ ಓಪಿ, ಈ ಕೈಯಲ್ಲೇ. ಇಲ್ಲಿ ನಿನ್ನ… ದಿನಾ ಬೆಳಿಗ್ಗೆ ನೀನು ಬರಿಗಾಲಲ್ಲಿ…"

"ನಾನೇನೂ ಸತ್ತಿಲ್ಲ ಬಿಡು."

"ಮೂರು ವಾರ! ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ? ಬೇಡದ್ದೆಲ್ಲ ಒದರ್ತೀಯ, ಪಕ್ಕದ ಮನೆ ಬೆಕ್ಕಿನ ಹೆರಿಗೆ ಕೂಡ ನನಗೆ ವರದಿಯಾಗುತ್ತೆ."

"ಹೇಳಿದ್ರೆ ನಿಜ ಆಗುತ್ತೆ ಅಂತ ಹೆದರಿದ್ದೆ." ಅವಳು ಅವನ ಪಕ್ಕದ ಮೆಟ್ಟಿಲಿಗೆ ಬಂದಳು. "ನಾಳೆ ಕೂದಲು ಕತ್ತರಿಸೋಕಲ್ಲ ಹೋಗ್ತಿದ್ದಿದ್ದು. ರಕ್ತ ಪರೀಕ್ಷೆಗೆ."

ಅವನು ಅವಳ ಕಡೆ ತಿರುಗಿದ. "ನಾನೇ ಕರ್ಕೊಂಡು ಹೋಗ್ತೀನಿ. ಹೋಗೋದು ಹೋಗೋದೇ." ಆಮೇಲೆ ಅವನ ಕಣ್ಣು ಬಟ್ಟೆ ಮೆಷಿನ್ನಿನ ಮೇಲೆ ಹೋಯಿತು. ಅಲ್ಲಿಂದ ಫ್ರೀಜರಿಗೆ. ಅಲ್ಲಿಂದ ಚಾವಣಿಗೆ, ಅದರ ಮೇಲಿನ ಅಡುಗೆಮನೆಗೆ, ಅವಳ ಹೊಲಿಗೆಯ ಕೋಣೆಗೆ. ತುಟಿ ಅಲುಗುತ್ತಿತ್ತು. ಓಪಲ್‌ಗೆ ಅವನು ಏನು ಎಣಿಸುತ್ತಿದ್ದಾನೆಂದು ತಿಳಿಯಿತು. ಈ ಮನೆಯಲ್ಲಿ ಆ ಇಕ್ಕಳ ಎಷ್ಟು ಸಲ ಕಟಕ್ಕೆಂದಿತ್ತು?

"ಏನನ್ನೂ ಮುಟ್ಬೇಡ" ಎಂದು ಎದ್ದು, ಅವನು ಮೇಲಿನ ಸ್ವಿಚ್‌ಪೆಟ್ಟಿಗೆಗೆ ಹೋದ. ಮನೆ ಮತ್ತೆ ಕತ್ತಲಾಯಿತು. ಈ ಸಲ ಅವನೇ ಮಾಡಿದ ಕತ್ತಲೆ.

ಓಪಲ್ ಟಾರ್ಚ್ ಹಿಡಿದು ತೊಟ್ಟಿಯ ಮುಂದೆ ನಿಂತಳು. ಇನ್ನೊಂದು ಭಯ ಬಾಕಿ ಇತ್ತು. ಆಗ ಜುಮ್ಮೆಂದಿದ್ದರೂ ಗಾಬರಿಯಲ್ಲಿ ಗೊತ್ತಾಗದೆ ಇದ್ದಿರಬಹುದು. ಈಗ ನೀರು ಬರೀ ನೀರು. ಈಗಲೂ ಇರುವೆ ಹರಿದರೆ, ಅದು ಅಮ್ಮನದೇ. ಅವಳು ಒಂದು ಹುಳದ ತುಂಡು ತೆಗೆದುಕೊಂಡು, ಬರಿಗಾಲನ್ನು ನಿಂತ ನೀರಿನಲ್ಲಿ ಊರಿ, ಕಣ್ಣು ಮುಚ್ಚಿ, ಕೈ ಇಳಿಸಿದಳು.

ಏನೂ ಇಲ್ಲ. ಹತ್ತರವರೆಗೆ ಎಣಿಸಿದಳು. ಏನೂ ಇಲ್ಲ.

ಆಗ ಬೆರಳ ತುದಿಗೆ ಏನೋ ಸಣ್ಣಗೆ ತಾಗಿ ಸರಿಯಿತು. ಅವಳು ಕಣ್ಣು ತೆರೆದಳು. ಡೀಕನ್ ಮೂಲೆಯಿಂದ ಬಂದು, ಎರಡೂ ಮೀಸೆಗಳಿಂದ ಅವಳ ಹೆಬ್ಬೆರಳಿನ ಗಾಯವನ್ನು ಮೆಲ್ಲಗೆ ತಡವಿ ನೋಡುತ್ತಿತ್ತು, ಇನ್ನೂ ನಂಬಿಕೆ ಬಾರದವರ ಹಾಗೆ. ಅವಳು ಅಲುಗದೆ ನಿಂತಳು. ಅದಕ್ಕೆ ಬೇಕಾದಷ್ಟು ಹೊತ್ತು ಕೊಟ್ಟಳು. ಕೊನೆಗೆ ಹುಳು ಹೋಯಿತು.

"ಎಷ್ಟಾಯ್ತು?" ಎಂದು ಕತ್ತಲೆಯಲ್ಲಿ ಮೇಲಕ್ಕೆ ಕೂಗಿದಳು.

"ಹನ್ನೊಂದು ಪ್ಲಗ್ಗು" ಎಂದು ಮೇಲಿನಿಂದ ಅವನ ದನಿ ಬಂತು. "ಇನ್ನೂ ಮಲಗೋ ಕೋಣೆ ನೋಡಿಲ್ಲ."